ಮೇಷ್ಟ್ರಿಗೂ ಒಂದು ಬಾಯಿಪರೀಕ್ಷೆ ಇರಲಿ

ಶಿವಾರಪಟ್ಟಣದ ತಂದೆತಾಯಂದಿರೇ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಬಂಧುಗಳೇ,

ಒಂದು ಸಣ್ಣ ಲೆಕ್ಕ ಕೇಳಿ. ಮೇಷ್ಟ್ರಾಗಬೇಕಾದರೆ ಮೊದಲು ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಬೇಕು. ಒಂದರಿಂದ ಐದನೇ ತರಗತಿಗೆ ಪಾಠ ಹೇಳುವವರ ಪತ್ರಿಕೆಗೆ 150 ಅಂಕ, ಅದರಲ್ಲಿ ಮೊದಲ ಭಾಷೆಗೆ 30. ಸಾಮಾನ್ಯ ವರ್ಗದವರಿಗೆ ಒಟ್ಟು 90 ಬಂದರೆ ಸಾಕು; ಭಾಷೆಗೇ ಇಷ್ಟು ಬರಬೇಕೆಂಬ ಕಟ್ಟಳೆ ಇಲ್ಲ. ಕನ್ನಡದಲ್ಲಿ ಸೊನ್ನೆ ಸುತ್ತಿದವರೂ ಉಳಿದ 120ರಲ್ಲಿ 90 ಗಿಟ್ಟಿಸಿದರೆ ಅರ್ಹರೇ! ಅಂಥವರು ಸಿಗುವುದು ಅಪರೂಪ, ಒಪ್ಪೋಣ. ಆದರೆ ನಿಯಮ ಬಾಗಿಲು ತೆರೆದಿಟ್ಟಿದೆಯಲ್ಲ? ಆ 30 ಅಂಕವಾದರೂ ಉತ್ತರ ಹಾಳೆಯ ಸುತ್ತುಗಳನ್ನು ತುಂಬಿ ಪಡೆಯುವಂಥದ್ದು. ಒಂದು ವಾಕ್ಯ ಬರೆಯಬೇಕಿಲ್ಲ, ಒಂದು ಮಾತು ಆಡಬೇಕಿಲ್ಲ.

2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಶಿಕ್ಷಕರನ್ನು ತೆಗೆದುಕೊಳ್ಳುವಾಗ ಬರೆಯುವ ಪರೀಕ್ಷೆ ಇಟ್ಟರು. ಒಳ್ಳೆಯದಾಯಿತು. ಬಾಯಿ ತೆರೆಸಿ ನೋಡುವುದೊಂದು ಬಾಕಿ ಉಳಿಯಿತು.

ನಮ್ಮ ಕೋಲಾರ ಜಿಲ್ಲೆಗೆ ಇದು ಬೇರೆಲ್ಲರಿಗಿಂತ ಹೆಚ್ಚು ತಟ್ಟುತ್ತದೆ. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಗಡಿಯ ಎಷ್ಟೋ ಮನೆಗಳಲ್ಲಿ ಆಡುಮಾತು ತೆಲುಗು; ಮಗುವಿನ ಕಿವಿಗೆ ಕನ್ನಡ ಸರಿಯಾಗಿ ಬೀಳುವುದೇ ಶಾಲೆಯಲ್ಲಿ. ಮೇಷ್ಟ್ರು ತಡವರಿಸಿದರೆ ಮಗುವೂ ತಡವರಿಸುತ್ತದೆ. ಇದನ್ನು ತೆಲುಗಿನವರ ಮೇಲಿನ ದೂರು ಎಂದು ಯಾರೂ ತಿರುಚಬೇಡಿ. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರಿಗೆ 1983ರ ಜ್ಞಾನಪೀಠ ತಂದುಕೊಟ್ಟದ್ದು ಕನ್ನಡ ಕಾದಂಬರಿ. ಮನೆಮಾತು ಯಾವುದೇ ಇರಲಿ, ಕನ್ನಡ ಚೆನ್ನಾಗಿ ಬರಲಿ; ಗಡಿಶಾಲೆಯ ಮೇಷ್ಟ್ರಿಗೆ ನಾಲ್ಕು ತೆಲುಗು ಮಾತು ಬಂದರೆ ಇನ್ನೂ ಮೇಲು.

1956ರಲ್ಲಿ ಕೇರಳಕ್ಕೆ ಸೇರಿಹೋದ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ಮಕ್ಕಳು, ಹೆತ್ತವರು ಪ್ರತಿಭಟನೆಗೆ ಇಳಿದರು. ಅವರ ಪರವಾಗಿ ಕರ್ನಾಟಕದಲ್ಲಿ ದನಿ ಎದ್ದಿತು. ಎದ್ದ ದನಿ ನಮ್ಮ ಶಾಲೆಗಳ ಕಡೆಗೂ ತಿರುಗಲಿ. ದೂರದ ಪಂಜಾಬಿನವರು ತಮ್ಮ ಟಿಇಟಿಯಲ್ಲಿ ಪಂಜಾಬಿಯನ್ನೇ ಮೊದಲ ಭಾಷೆಯಾಗಿ ಇಟ್ಟುಕೊಂಡಿದ್ದಾರೆ. ನಮ್ಮ ಕೆಪಿಎಸ್‌ಸಿಯ ಕಡ್ಡಾಯ ಕನ್ನಡ ಪತ್ರಿಕೆಗೆ 150ಕ್ಕೆ 50 ಬಂದರೆ ಪಾಸು. ಗುಮಾಸ್ತರಿಗೆ ಅಷ್ಟು ಸಾಕೇನೋ, ಅಕ್ಷರ ತಿದ್ದಿಸುವವರಿಗೆ ಸಾಲದು.

ಭಾಷೆಯ ಜತೆಗೆ ಊರೂ ಗೊತ್ತಿರಬೇಕು. ಕೋಲಾರಮ್ಮನ ಗುಡಿ ಯಾವ ಶತಮಾನದ್ದು ಎಂಬ ಕ್ವಿಜ್ ನಮಗೆ ಬೇಡ. ಶಿಲ್ಪಿಗಳ ಊರಾದ ಶಿವಾರಪಟ್ಟಣದ ಮಗು ಕೃಷ್ಣಶಿಲೆಯ ಪುಡಿಯಲ್ಲೇ ಆಡಿ ಬೆಳೆಯುತ್ತದೆ. ಮೇಣ ಕರಗಿಸಿ ತೆಗೆದ ಮಣ್ಣಿನ ಅಚ್ಚಿಗೆ ಪಂಚಲೋಹ ಹುಯ್ಯುವುದನ್ನು ಕಣ್ಣಾರೆ ಕಂಡಿರುತ್ತದೆ. ವಿಗ್ರಹದ ಅಳತೆಯಲ್ಲಿ ಒಂದು ತಾಳಕ್ಕೆ 12 ಅಂಗುಲ, ನವತಾಳದ ವಿಗ್ರಹಕ್ಕೆ 108 ಅಂಗುಲ ಎಂಬುದು ಅದರ ಅಪ್ಪನ ದಿನನಿತ್ಯದ ಲೆಕ್ಕ. ಹನ್ನೆರಡರ ಮಗ್ಗಿ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಇದು ತಿಳಿಯದ ಮೇಷ್ಟ್ರು ರೈಲು, ಸೇಬಿನ ಲೆಕ್ಕ ಹಾಕಿಸುತ್ತಾರೆ. ಉಳಿ ಹಿಡಿಯುವ ಮನೆಯ ಮಗು ಗಣಿತ ಬರುವುದಿಲ್ಲವೆಂದು ಹಿಂದಿನ ಬೆಂಚಿಗೆ ಹೋಗುತ್ತದೆ. ನಮ್ಮಲ್ಲಿ ಕಲಿಯುವ ಹುಡುಗನ ಕೈಗೆ ಮೊದಲ ದಿನವೇ ವಿಗ್ರಹದ ಕಣ್ಣು ಬಿಡಿಸಲು ಕೊಡುವವರುಂಟೇ? ಹಾಗಿದ್ದ ಮೇಲೆ ಪರೀಕ್ಷಿಸಿ ನೋಡದ ಕೈಗೆ ಮಕ್ಕಳನ್ನು ಕೊಡುವುದೇಕೆ?

ನಾವು ಕೇಳುವುದು ಹತ್ತು ನಿಮಿಷ. ನೇಮಕಕ್ಕೆ ಮೊದಲು ಅಭ್ಯರ್ಥಿ ಮಕ್ಕಳ ಮುಂದೆ ನಿಲ್ಲಲಿ. ಪಠ್ಯದ ಒಂದು ಪುಟ ಗಟ್ಟಿಯಾಗಿ ಓದಲಿ, ಹಲಗೆಯ ಮೇಲೆ ಐದು ಸಾಲು ತಪ್ಪಿಲ್ಲದೆ ಬರೆಯಲಿ, ಹೋಗಲಿರುವ ತಾಲ್ಲೂಕಿನ ಒಂದು ಕಸುಬನ್ನೋ ಬೆಳೆಯನ್ನೋ ಹಿಡಿದು ಪಾಠ ಮಾಡಿ ತೋರಿಸಲಿ. ಟಿಇಟಿಯಲ್ಲಿ ಕನ್ನಡಕ್ಕೇ ಕನಿಷ್ಠ ಶೇ. 60 ಎಂದು ಗೆರೆ ಎಳೆಯಲಿ. ಮೊದಲೇ ಹುದ್ದೆಗಳು ಖಾಲಿ, ಇನ್ನೊಂದು ಪರೀಕ್ಷೆ ಏಕೆ ಎನ್ನುವವರಿಗೆ ಹೇಳಿ: ಬಾಯಿಪರೀಕ್ಷೆಯಲ್ಲಿ ಎಡವಿದವರನ್ನು ಕಳಿಸಿಬಿಡುವುದು ಬೇಡ, ಆರು ತಿಂಗಳು ತರಬೇತಿ ಕೊಟ್ಟು ಮತ್ತೆ ನಿಲ್ಲಿಸಿ.

ಮುಂದಿನ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ನಕಲನ್ನು ನಿಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು, ಮುದ್ರೆ ಒತ್ತಿದ ಸ್ವೀಕೃತಿ ಪಡೆಯದೆ ಹಿಂತಿರುಗಬೇಡಿ.