ಗಂಗೆಯ ನೀರಿನಲ್ಲಿ ಸೂಂಸಿನ ಪಾಲೆಷ್ಟು?

ಕಾಶೀಯಾತ್ರೆ ಮುಗಿಸಿ ಬಂದ ನಮ್ಮವರು ವಿಶ್ವನಾಥನ ದರ್ಶನದ ಮಾತನ್ನು ಹೇಳುವರು, ಜಂಗಮವಾಡಿ ಮಠದ ಮಾತನ್ನು ಹೇಳುವರು. ನದಿಯಲ್ಲಿ ನೀರೆಷ್ಟಿತ್ತೆಂದು ಹೇಳಿದವರನ್ನು ನಾವು ಕಂಡುದಿಲ್ಲ. ಕಳೆದ ವೈಶಾಖದಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ ಎದುರು ದಡದ ಮರಳು ಹರವಾಗಿ ಬಿಸಿಲಿಗೆ ಕಾಯುತ್ತಿತ್ತು. ಸೂಂಸು ಕಾಣಸಿಗುವುದೇ ಎಂದು ದೋಣಿಯವನನ್ನು ಕೇಳಿದೆವು. ಅವನು ಕೆಳಪ್ರವಾಹದತ್ತ ಕೈ ತೋರಿಸಿ, ಗೋಮತಿ ಬಂದು ಕೂಡುವ ಕೈಥಿಯ ಕಡೆಗೆ ಹೋಗಬೇಕೆಂದನು.

ಸೂಂಸು ಎಂದರೆ ಗಂಗೆಯ ಡಾಲ್ಫಿನ್. ನೋಡಲು ಮೀನಿನಂತಿದ್ದರೂ ಮರಿ ಹಾಕಿ ಹಾಲೂಡಿಸುವ ಪ್ರಾಣಿ. ಅದಕ್ಕೆ ಕಣ್ಣಿದ್ದೂ ಇಲ್ಲದಂತೆಯೇ. ತಾನು ಹೊರಡಿಸಿದ ಸದ್ದಿನ ಮರುದನಿಯಿಂದ ದಾರಿಯನ್ನೂ ಆಹಾರವನ್ನೂ ಅರಿಯುವುದು. ಕೇಂದ್ರ ಸರಕಾರವು 2009ರಲ್ಲಿ ಇದನ್ನು ರಾಷ್ಟ್ರೀಯ ಜಲಚರವನ್ನಾಗಿ ಆರಿಸಿತು. ಎಂಟು ರಾಜ್ಯಗಳ 28 ನದಿಗಳಲ್ಲಿ 2021ರಿಂದ 2023ರ ವರೆಗೆ ನಡೆದ ಗಣತಿಯ ಫಲ 2025ರ ಮಾರ್ಚಿನಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿರುವ ನದೀ ಡಾಲ್ಫಿನ್‌ಗಳು 6,327. ಅವುಗಳಲ್ಲಿ 2,397 ಉತ್ತರ ಪ್ರದೇಶದವು. 1972ರ ವನ್ಯಜೀವಿ ಕಾಯಿದೆಯ ಮೇರೆಗೆ ಸೂಂಸನ್ನು ಕೊಂದವನಿಗೆ ಸೆರೆವಾಸವುಂಟು. ಬೇಸಗೆಯಲ್ಲಿ ಅದು ಆಶ್ರಯಿಸುವ ಮಡು ಬತ್ತಿದರೆ ಮಾತ್ರ ಯಾರಿಗೂ ಶಿಕ್ಷೆಯಿಲ್ಲ.

ನೀರು ಎಲ್ಲಿ ಹೋಗುವುದೆಂಬುದು ಗುಟ್ಟಲ್ಲ. ಹರಿದ್ವಾರದಲ್ಲಿ ಹೊರಡುವ ಗಂಗಾ ಕಾಲುವೆ 1854ರಲ್ಲಿ ತೆರೆಯಿತು. ನರೋರಾದಿಂದ ಹೊರಡುವ ಕೆಳಗಂಗಾ ಕಾಲುವೆ 1878ರಲ್ಲಿ. ಈ ಕಾಲುವೆಗಳನ್ನು ಬೈಯುವುದು ಈಗ ಸುಲಭ. 1837-38ರ ಕ್ಷಾಮದಲ್ಲಿ ಆ ಸೀಮೆಯ ಜನ ಲೆಕ್ಕವಿಲ್ಲದೆ ಸತ್ತುದರಿಂದಲೇ ಕಾಟ್ಲಿ ಎಂಬ ಇಂಜಿನಿಯರನ ಯೋಜನೆಗೆ ಬಲ ಬಂದಿತೆಂಬುದನ್ನು ಮರೆಯಲಾಗದು. ಅಲ್ಲಿನ ಗೋಧಿ, ಕಬ್ಬು, ದಿಲ್ಲಿಯ ಕುಡಿಯುವ ನೀರಿನ ಒಂದು ಭಾಗ, ಎಲ್ಲವೂ ಆ ಕಾಲುವೆಯ ಋಣ. ನಮ್ಮ ಹೋಟೆಲುಗಳ ಚಹಾಕ್ಕೆ ಬೀಳುವ ಸಕ್ಕರೆಯಲ್ಲಿಯೂ ಆ ನೀರಿನ ಪಾಲಿರಬಹುದು. ನೂರೆಪ್ಪತ್ತು ವರುಷಗಳಿಂದ ನಡೆದು ಬಂದ ಹಕ್ಕನ್ನು ಒಂದು ಪ್ರಾಣಿಗಾಗಿ ಕಿತ್ತುಕೊಳ್ಳಿರೆಂದು ನಾವು ಹೇಳಲಾರೆವು.

ಆದರೆ ಆ ಹಕ್ಕು ಯಾರದು? 1873ರ ಉತ್ತರ ಭಾರತ ಕಾಲುವೆ ಕಾಯಿದೆಯ ಪೀಠಿಕೆಯನ್ನು ನೋಡಿದರೆ, ನದಿಗಳ ನೀರನ್ನು ಸಾರ್ವಜನಿಕ ಹಿತಕ್ಕಾಗಿ ಬಳಸುವ ಹಾಗೂ ನಿಯಂತ್ರಿಸುವ ಅಧಿಕಾರ ಸರಕಾರದ್ದು. ರೈತನಿಗಿರುವುದು ಸರದಿಯ ಮೇಲೆ ನೀರು ಪಡೆಯುವ ವಾಡಿಕೆ. ವಾಡಿಕೆಗೆ ಬೆಲೆಯಿಲ್ಲವೆಂದಲ್ಲ, ಹಂಚುವ ಕೈ ಸರಕಾರದ್ದೇ ಆದುದರಿಂದ ಅದು ರೈತನ ಹೆಸರು ಹೇಳಿ ಜಾರಿಕೊಳ್ಳುವಂತಿಲ್ಲ.

ನದಿಗಾಗಿ ನೀರು ಬಿಡಬೇಕೆಂಬ ಮಾತು ಹೊಸದಲ್ಲ. ಕಾಶಿಯ ಹಿಂದೂ ವಿಶ್ವವಿದ್ಯಾಲಯವನ್ನು ಕಟ್ಟಿದ ಪಂಡಿತ ಮದನಮೋಹನ ಮಾಲವೀಯರು ಹರಿದ್ವಾರದ ಅಣೆಕಟ್ಟಿನ ವಿಷಯದಲ್ಲಿ ಬ್ರಿಟಿಷ್ ಸರಕಾರದೊಡನೆ ಹೋರಾಡಿ, 1916ರ ಡಿಸೆಂಬರಿನಲ್ಲಿ ಒಪ್ಪಂದವೊಂದನ್ನು ಪಡೆದರು. ಹರ್ ಕಿ ಪೌಡಿಯ ಘಾಟುಗಳಲ್ಲಿ ಯಾವ ಕಾಲದಲ್ಲಿಯೂ 1,000 ಕ್ಯೂಸೆಕ್ಸಿಗೆ ಕಡಮೆಯಿಲ್ಲದೆ ನೀರು ಹರಿಯತಕ್ಕದ್ದು. ಅಂದು ಅವರು ಕೇಳಿದ್ದು ಸ್ನಾನ ಮಾಡುವವರ ಪರವಾಗಿ. ಸೂಂಸಿನ ಪರವಾಗಿ ಕೇಳುವವರು ಆಗ ಇರಲಿಲ್ಲ.

ಶತಮಾನ ಕಳೆದ ಮೇಲೆ, 2018ರ ಅಕ್ಟೋಬರಿನಲ್ಲಿ, ಕೇಂದ್ರ ಸರಕಾರ ಅಧಿಸೂಚನೆ ಹೊರಡಿಸಿತು. ಅದೇ ಅಕ್ಟೋಬರ್ 11ರಂದು, ಗಂಗೆಗಾಗಿ ನೂರು ದಿನಗಳಿಗೂ ಮೇಲ್ಪಟ್ಟು ಉಪವಾಸವಿದ್ದ ಹಿರಿಯ ಇಂಜಿನಿಯರ್ ಜಿ. ಡಿ. ಅಗರವಾಲರು ಹೃಷೀಕೇಶದಲ್ಲಿ ತೀರಿಕೊಂಡರು. ಅಧಿಸೂಚನೆಯ ಪ್ರಕಾರ ಅಕ್ಟೋಬರಿನಿಂದ ಮೇ ವರೆಗೆ ಹರಿದ್ವಾರದ ಭೀಮಗೋಡಾ ಅಣೆಕಟ್ಟಿನ ಕೆಳಗೆ ಸೆಕೆಂಡಿಗೆ 36 ಘನ ಮೀಟರ್, ಬಿಜನೌರ್, ನರೋರಾ, ಕಾನ್ಪುರಗಳ ಕೆಳಗೆ 24 ಘನ ಮೀಟರ್ ನೀರು ಬಿಡಬೇಕು. 36 ಎಂದರೆ ಸುಮಾರು 1,270 ಕ್ಯೂಸೆಕ್ಸು. ಮೇಲಿನ ಗಂಗಾ ಕಾಲುವೆಯ ಸಾಮರ್ಥ್ಯವಾದರೋ ಸುಮಾರು 10,500 ಕ್ಯೂಸೆಕ್ಸು. ಕಾಲುವೆಗೆ ಎಂಟು ಲೋಟ, ನದಿಗೆ ಒಂದು. ಅದೂ ಅಧಿಸೂಚನೆಯ ಕೊನೆ ಉನ್ನಾವಿನಲ್ಲಿ. ಪ್ರಯಾಗಕ್ಕೂ ಕಾಶಿಗೂ ಅದರಲ್ಲಿ ಅಂಕಿಯಿಲ್ಲ. ಪ್ರಯಾಗದಲ್ಲಿ ಯಮುನೆ ಕೂಡುವುದರಿಂದ ಕಾಶಿಯ ಗಂಗೆ ಅಷ್ಟಾದರೂ ತುಂಬಿದೆ.

ಹೋಟೆಲು ನಡೆಸಿದ ನಮಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ನೀರಿನ ತಾಪತ್ರಯದ ದಿನಗಳಲ್ಲಿ ನಲ್ಲಿ ಬಂದೊಡನೆ ಮೊದಲು ಅಡಿಗೆಮನೆಯ ಹಂಡೆ, ಬಳಿಕ ಗಿರಾಕಿಗಳ ಲೋಟ, ಬಳಿಕ ತಾಟು ತೊಳೆಯುವ ಜಾಗ. ಉಳಿದರೆ ಹುಡುಗರ ಸ್ನಾನಕ್ಕೆ. ಉಳಿಯುತ್ತಲೇ ಇರಲಿಲ್ಲ. ಮೈಯೆಲ್ಲ ತುರಿಯೆದ್ದ ಹುಡುಗನೊಬ್ಬ ಊರಿಗೆ ಹೊರಟು ನಿಂತಾಗ ನಮಗೆ ನಾಚಿಕೆಯಾಯಿತು. ಮರುದಿನದಿಂದ ಎರಡು ಡ್ರಮ್ಮು ತುಂಬಿಸಿ ಬೇರೆಯಿಟ್ಟ ಮೇಲೆಯೇ ಅಡಿಗೆಮನೆಗೆ ನೀರು ಬಿಡಿಸಿದೆವು. ಭಟ್ಟರು ಗೊಣಗಿದರು, ಆದರೆ ಇಡ್ಲಿಯೇನೂ ನಿಲ್ಲಲಿಲ್ಲ. ನದಿಯ ಪಾಲನ್ನೂ ಮೊದಲೇ ತೆಗೆದಿಡಬೇಕು. ಉಳಿದುದನ್ನು ಕೊಡುವೆವೆಂದರೆ ಉಳಿಯುವುದಿಲ್ಲ.

ಹೀಗೆ ತೆಗೆದಿಡುವುದನ್ನು ಒಮ್ಮೆಲೇ ಮಾಡಹೋದರೆ ಏನಾಗುವುದೆಂಬುದಕ್ಕೆ ಅಮೆರಿಕದ ಕ್ಲಾಮತ್ ನದಿಯೇ ಸಾಕ್ಷಿ. 2001ರ ಬರಗಾಲದಲ್ಲಿ ಅಳಿವಿನಂಚಿನ ಮೀನುಗಳಿಗಾಗಿ ಸರಕಾರ ರೈತರ ಕಾಲುವೆ ಮುಚ್ಚಿತು, ರೈತರು ಬೀದಿಗಿಳಿದರು. ಮರುವರುಷ ಕಾಲುವೆಗೆ ನೀರು ಕೊಟ್ಟಿತು; ಆ ಸೆಪ್ಟೆಂಬರಿನಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಸಾಲ್ಮನ್ ಮೀನುಗಳು ಸತ್ತು ತೇಲಿದವು. ಪರಿಹಾರ ಕೇಳಿದ ರೈತರಿಗೆ 2019ರಲ್ಲಿ ಮೇಲಿನ ನ್ಯಾಯಾಲಯವು, ಆ ನದಿಯ ಮೀನಿನ ಮೇಲೆ ಮೂಲನಿವಾಸಿಗಳ ಹಕ್ಕು ನಿಮ್ಮದಕ್ಕಿಂತ ಹಿಂದಿನದೆಂದು ತೀರ್ಪಿತ್ತಿತು. ಯಾರು ಮೊದಲಿಗರೆಂಬ ವಾದಕ್ಕೆ ಬಂದರೆ, ಕೊಲ್ಲಬಾರದ ಪ್ರಾಣಿಗಳೆಂದು ಅಶೋಕನು ಐದನೆಯ ಸ್ತಂಭಶಾಸನದಲ್ಲಿ ಎಣಿಸಿದವುಗಳಲ್ಲಿ ಸೂಂಸೂ ಒಂದೆಂದು ವಿದ್ವಾಂಸರು ಹೇಳುವರು.

ಕಾವೇರಿಯ ಜಗಳವನ್ನು ಬಲ್ಲ ನಮಗೆ ಇನ್ನೊಂದು ಮಾತು ನೆನಪಿರಬೇಕು. 1892 ಹಾಗೂ 1924ರ ಒಪ್ಪಂದಗಳಲ್ಲಿ ನದಿಗೆಂದೇ ಒಂದು ಪಾಲಿರಲಿಲ್ಲ. 2007ರ ಐತೀರ್ಪಿನಲ್ಲಿ, 740 ಟಿ.ಎಂ.ಸಿ.ಯೊಳಗೆ 10 ಟಿ.ಎಂ.ಸಿ.ಯನ್ನು ಪರಿಸರಕ್ಕೆಂದು ಬೇರೆಯಿಟ್ಟರು. 2018ರ ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 284.75ಕ್ಕೆ ಏರಿಸಿದಾಗಲೂ ಆ ಹತ್ತನ್ನು ಮುಟ್ಟಲಿಲ್ಲ. ಹತ್ತು ಸಾಕೋ ಎಂಬುದು ಬೇರೆ ಪ್ರಶ್ನೆ. ಕಾವೇರಿಯ ಮಹಸೀರ್ ಮೀನು ಇಂದು ಅಳಿವಿನ ಅಂಚಿನಲ್ಲಿದೆ. ಆದರೂ ಲೆಕ್ಕದ ಪುಸ್ತಕದಲ್ಲಿ ನದಿಯ ಹೆಸರಿಗೊಂದು ಕಲಮು ಬಿದ್ದಿತು.

ಗಂಗೆಯಲ್ಲಿ ಆಗಬೇಕಾದುದು ಇಷ್ಟು. ಸೋರುವ ಕಾಲುವೆಗಳನ್ನು ಸರಕಾರದ ಖರ್ಚಿನಿಂದ ದುರಸ್ತಿ ಮಾಡಿ, ಹೀಗೆ ಉಳಿದ ನೀರನ್ನು ಹೊಸ ಕಬ್ಬಿನ ಗದ್ದೆಗೆ ತಿರುಗಿಸದೆ ನದಿಗೇ ಬಿಡಬೇಕು. ಕಡಿತ ಬಿದ್ದರೆ ಕಾಲುವೆಯ ತುದಿಯ ಬಡರೈತನ ಮೇಲೆ ಮೊದಲು ಬೀಳಬಾರದು. ಬಿದ್ದುದಾದರೆ ಅವನಿಗೆ ರೊಕ್ಕ ಕೊಡಬೇಕು. ಉನ್ನಾವಿಗೆ ನಿಂತ ಅಧಿಸೂಚನೆ ಕಾಶಿಯನ್ನು ದಾಟಿ ಕೆಳಗಿಳಿಯಬೇಕು. ನಮ್ಮ ಹೋಟೆಲುಗಳಲ್ಲಿ ದರಪಟ್ಟಿ ತೂಗಹಾಕುವಂತೆ, ಇಂದು ಎಷ್ಟು ನೀರು ಹರಿಯಬೇಕಾಗಿತ್ತು, ಎಷ್ಟು ಹರಿಯಿತು ಎಂಬ ಎರಡು ಅಂಕಿಗಳನ್ನು ಹಲಗೆಯ ಮೇಲೆ ಬರೆದು ದಶಾಶ್ವಮೇಧ ಘಾಟಿನಲ್ಲಿ ದಿನವೂ ತೂಗಹಾಕಲಿ.