ನಮ್ಮ ಮೆಟ್ರೋಗೆ ನಾವು ಕಾಣಲ್ವಾ?

2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಜನ ಕೂಗಾಡಿದ್ರು, ಕೆಲವು ಹಂತಗಳಲ್ಲಿ ಸ್ವಲ್ಪ ಇಳಿಸಿದ್ರು. 90 ಮಾತ್ರ ಅಲ್ಲೇ ಉಳಿಯಿತು.

ಲೆಕ್ಕ ಹಾಕಿ ನೋಡಿ. ಒಂದು ಕಡೆಗೆ 60 ರೂಪಾಯಿ ಅಂದ್ರೂ ತಿಂಗಳಲ್ಲಿ 22 ದಿನ ಕಾಲೇಜಿಗೆ ಹೋಗಿ ಬರೋಕೆ 2,640 ರೂಪಾಯಿ. ಸ್ಮಾರ್ಟ್ ಕಾರ್ಡ್ ಇದ್ರೆ ಶೇ. 5 ರಿಯಾಯಿತಿ, ರಶ್ ಇಲ್ಲದ ಹೊತ್ತಲ್ಲಿ ಹೋದ್ರೆ ಇನ್ನೊಂದು ಶೇ. 5. ಆ ಹೊತ್ತು ಯಾವುದು? ಬೆಳಗ್ಗೆ 8ರ ಒಳಗೆ, ಮಧ್ಯಾಹ್ನ 12ರಿಂದ 4, ರಾತ್ರಿ 9ರ ಮೇಲೆ. 9 ಗಂಟೆಗೆ ಕ್ಲಾಸ್, ಸಂಜೆ 5ಕ್ಕೆ ಲ್ಯಾಬ್ ಮುಗಿಸೋ ನಮಗೆ ಇದರಿಂದ ಏನು ಬಂತು?

ಬಿಎಂಟಿಸಿ ಎಷ್ಟೋ ವರ್ಷದಿಂದ ವಿದ್ಯಾರ್ಥಿ ಪಾಸ್ ಕೊಡ್ತಿದೆ. ಪುಣೆ ಮೆಟ್ರೋದಲ್ಲಿ ವಿದ್ಯಾರ್ಥಿಗಳಿಗೆ ಶೇ. 30 ರಿಯಾಯಿತಿ ಇದೆ. ಇಲ್ಲಿ ಯಾಕಾಗಲ್ಲ? ಸಾಲ ತೀರಿಸಬೇಕು, ಖರ್ಚು ಜಾಸ್ತಿ ಅನ್ನೋದನ್ನ ಒಪ್ಪೋಣ. ಆದರೆ ಇಬ್ಬರು ಸೇರಿ ಒಂದು ಬೈಕಲ್ಲಿ ಹೋಗೋದೇ ಅಗ್ಗ ಅನ್ನಿಸಿದ್ರೆ, ಟ್ರಾಫಿಕ್ ಕಮ್ಮಿ ಮಾಡೋಕೆ ಕಟ್ಟಿದ ಮೆಟ್ರೋನೇ ನಮ್ಮನ್ನ ಮತ್ತೆ ರಸ್ತೆಗೆ ಕಳಿಸಿದ ಹಾಗಲ್ವಾ?

ಉಚಿತ ಬೇಡ. ಒಂದು ವಿದ್ಯಾರ್ಥಿ ಪಾಸ್ ಕೊಡಿ ಸಾಕು.