ಪ್ರೋಗ್ರಾಮರುಗಳ ಕೂಟ

ಸಂಘ ಕಟ್ಟುವ ವಿಷಯದಲ್ಲಿ ಬೆಂಗಳೂರಿನವರು ಎಂದೂ ಹಿಂದೆ ಬಿದ್ದವರಲ್ಲ. ರಾಮೋತ್ಸವಕ್ಕೊಂದು, ರಾಜ್ಯೋತ್ಸವಕ್ಕೊಂದು, ಸುಗಮ ಸಂಗೀತಕ್ಕೊಂದು, ಹೀಗೆ ಬೀದಿಗೊಂದು ಸಂಘವುಂಟು. ಆದರೂ ವೈಟ್‌ಫೀಲ್ಡಿನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದೇ ಕಸುಬಿನ ಸಾವಿರಾರು ಮಂದಿ ಅಕ್ಕಪಕ್ಕದ ಕಟ್ಟಡಗಳಲ್ಲಿ ಕುಳಿತು ಪರಸ್ಪರ ಅರಿಯದೆ ದಿನಗಳೆಯುವರು. ಕಂಪೆನಿಗೊಂದು ಕಾಂಪೌಂಡು, ಕಾಂಪೌಂಡಿಗೊಂದು ಗೇಟು, ಕೊರಳಿಗೊಂದು ಗುರುತಿನ ಚೀಟಿ. ಹಾಸನದಿಂದಲೋ ಕೊಪ್ಪಳದಿಂದಲೋ ಬಂದು ಪೀಜಿಯ ಕೋಣೆಯಲ್ಲಿ ತಂಗಿದ ಹುಡುಗನಿಗೆ ಕೆಲಸದಲ್ಲಿ ತೊಡಕು ಬಂದರೆ ಯಂತ್ರವನ್ನೇ ಕೇಳಬೇಕು. ಯಂತ್ರ ಈಗ ಉತ್ತರವನ್ನೂ ಕೊಡುತ್ತದೆನ್ನಿ. ಆದರೆ “ನೀನು ಕೇಳಬೇಕಾದ ಪ್ರಶ್ನೆಯೇ ಇದಲ್ಲವಪ್ಪ” ಎಂದು ಹೇಳಲು ಅನುಭವಸ್ಥನೊಬ್ಬ ಎದುರಿಗಿರಬೇಕು.

ಇಂತಹ ಕೂಟದ ಕಲ್ಪನೆ ಹೊಸದಲ್ಲ. 1955ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಪ್ರಾಂತದ ವಿಮಾನ ತಯಾರಿಕೆಯ ಸಂಸ್ಥೆಗಳು ಐಬಿಎಂ 704 ಎಂಬ ಗಣಕಯಂತ್ರವನ್ನು ತರಿಸುವ ಸನ್ನಾಹದಲ್ಲಿದ್ದವು. ಎಲ್ಲರಿಗೂ ಬೇಕಾದ ಪ್ರೋಗ್ರಾಮುಗಳನ್ನು ಪ್ರತಿಯೊಬ್ಬರೂ ಬೇರೆಬೇರೆಯಾಗಿ ಬರೆಯುವುದು ವ್ಯರ್ಥವೆಂದು ಕಂಡು, ಅವರು ‘ಷೇರ್’ ಎಂಬ ಬಳಗವನ್ನು ಕಟ್ಟಿದರು. ವ್ಯಾಪಾರದಲ್ಲಿ ಎದುರಾಳಿಗಳಾದವರು ಪ್ರೋಗ್ರಾಮುಗಳನ್ನು ಹಂಚಿಕೊಂಡರು. ಅದರಿಂದ ಯಾರ ಅಂಗಡಿಯೂ ಮುಚ್ಚಲಿಲ್ಲ. ‘ಕಂಪೆನಿಯ ಗುಟ್ಟು’ ಎಂದು ಬಾಯಿಗೆ ಬೀಗ ಹಾಕಿಕೊಳ್ಳುವವರು ಇದನ್ನು ಗಮನಿಸಬೇಕು. ಧಣಿಯ ಗುಟ್ಟನ್ನು ಕಾಯುವುದು ವಿಹಿತವೇ. ಕಸುಬಿನ ಹದವನ್ನು ಮಾತ್ರ ಯಾವ ಧಣಿಯೂ ಗುತ್ತಿಗೆ ಹಿಡಿದಿಲ್ಲ.

ಅದೇ ದೇಶದ ಮೆನ್ಲೋ ಪಾರ್ಕಿನಲ್ಲಿ 1975ರ ಮಾರ್ಚ್ 5ರಂದು ಗಾರ್ಡನ್ ಫ್ರೆಂಚರ ಮನೆಯ ಕಾರು ಷೆಡ್ಡಿನಲ್ಲಿ ಕೂಡಿದ ‘ಹೋಮ್‌ಬ್ರೂ’ ಕೂಟದ ಕಥೆ ಇನ್ನೂ ಸ್ವಾರಸ್ಯಕರ. ಅಂದು ಬಂದವರಲ್ಲಿ ಸ್ಟೀವ್ ವೋಜ್ನಿಯಾಕ್ ಎಂಬ ನಾಚಿಕೆಯ ತರುಣನೂ ಒಬ್ಬ. ತರುವಾಯ ಆತ ತನ್ನ ಗಣಕಯಂತ್ರದ ನಕ್ಷೆಯನ್ನು ಕೂಟದಲ್ಲಿ ಕೇಳಿದವರಿಗೆಲ್ಲ ಹಂಚಿದ. ಆ ಯಂತ್ರವೇ ಆಪಲ್ ಸಂಸ್ಥೆಯ ಮೊದಲ ಸರಕಾಯಿತು.

ಬೆಂಗಳೂರಿಗೂ ಈ ಪರಂಪರೆಯ ಪರಿಚಯವುಂಟು. ಇಲ್ಲಿನ ಲಿನಕ್ಸ್ ಬಳಗದವರು 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನವನ್ನು ನೆರವೇರಿಸಿದರು. ಅದು 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರು ತಳೆದು 2012ರವರೆಗೆ ನಡೆಯಿತು. ಪೈಥಾನ್ ಭಾಷೆಯವರ ಮೊದಲ ಅಖಿಲ ಭಾರತ ಸಮ್ಮೇಳನವೂ 2009ರಲ್ಲಿ ಈ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಜರುಗಿತು. ಆದರೆ ಸಮ್ಮೇಳನವೆಂದರೆ ವರ್ಷಕ್ಕೊಂದು ಜಾತ್ರೆ. ನಿತ್ಯದ ತೊಡಕಿಗೆ ಹತ್ತಿರದ ಕೂಟವೇ ಬೇಕು.

ಹತ್ತಿರವೆಂಬ ಮಾತೇ ಇಲ್ಲಿ ಮುಖ್ಯ. ವೈಟ್‌ಫೀಲ್ಡು ಪೂರ್ವಕ್ಕೆ, ಎಲೆಕ್ಟ್ರಾನಿಕ್ ಸಿಟಿ ದಕ್ಷಿಣಕ್ಕೆ, ಪೀಣ್ಯ ವಾಯವ್ಯಕ್ಕೆ. ನಡುವೆ ಇಡೀ ಪಟ್ಟಣ. ಮೆಟ್ರೋ ರೈಲು ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಬಂದಿತು, ನಿಜ. ಆದರೂ ದಿನವಿಡೀ ದುಡಿದವನು ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಉಪನ್ಯಾಸ ಕೇಳಲು ಬಂದಾನೆಂದು ನಂಬಿ ಕೂಟ ಕಟ್ಟಬಾರದು. ಪೀಣ್ಯದವರ ತೊಡಕೇ ಬೇರೆ: ಲೋಹ ಕೊರೆಯುವ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಮು ಬರೆಯುವವನೂ ಪ್ರೋಗ್ರಾಮರನೇ ಸರಿ, ಆದರೆ ಅವನನ್ನು ಹಾಗೆಂದು ಕರೆದವರು ವಿರಳ. ಅಂತಹವನಿಗೂ ಅಲ್ಲೊಂದು ಕುರ್ಚಿಯಿರಲಿ.

ಕಂಪೆನಿಯ ಸಭಾಂಗಣ ತಂಪಾಗಿರುವುದು ಹೌದು. ಆದರೆ ಅಲ್ಲಿ ಬಾಗಿಲಲ್ಲೇ ಹೆಸರಿನ ಪಟ್ಟಿ, ಗೋಡೆಯ ಮೇಲೆ ಕಂಪೆನಿಯ ಬ್ಯಾನರು. ಮೂರನೆಯ ತಿಂಗಳಿಗೆ ಕೆಲಸಗಾರರನ್ನು ಹುಡುಕುವವರೇ ಬಂದು ಕೂಟ ಸಂತೆಯಾದೀತು. ಕಾಲೇಜಿನ ಒಂದು ಕೊಠಡಿ ಸಿಕ್ಕಿದರೆ ಲೇಸು. ವಿದ್ಯಾರ್ಥಿಗಳೂ ಬಂದಾರು.

ಭಾಷೆಯ ಮಾತೂ ಉಂಟು. ಪ್ರೋಗ್ರಾಮು ಇಂಗ್ಲಿಷಿನಲ್ಲಿದ್ದ ಮಾತ್ರಕ್ಕೆ ಸಂದೇಹವೂ ಇಂಗ್ಲಿಷಿನಲ್ಲೇ ಹುಟ್ಟಬೇಕೆಂಬ ನಿಯಮವಿಲ್ಲ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ವಾಕ್ಯ ತಪ್ಪೀತೆಂಬ ಅಂಜಿಕೆಯಿಂದ ಮತ್ತೆ ಕುಳಿತುಬಿಟ್ಟರೆ ಅಂದಿನ ಸಭೆ ಯಾರಿಗಾಗಿ ನೆರೆಯಿತು? ಅಧ್ಯಕ್ಷರಾದವರೇ ಮೊದಲು ತಮ್ಮದೊಂದು ದಡ್ಡ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಲಿ. ಉಳಿದವರ ನಾಲಗೆ ತಾನಾಗಿ ಸಡಿಲವಾಗುತ್ತದೆ.

ಮೊದಲ ಸಭೆಗೆ ನಲವತ್ತು ಮಂದಿ ಬಂದಾರು. ಎರಡನೆಯದಕ್ಕೆ ಹದಿನೈದು, ಮಳೆ ಬಂದರೆ ಆರು. ಆರು ಮಂದಿ ಸಾಕು. ಮುಂದಿನ ಕೂಟದ ದಿನವನ್ನು ಅವರು ಏಳುವ ಮುನ್ನವೇ ಗೊತ್ತುಮಾಡಬೇಕು. ಕಾಫಿಯ ಹಣ ಕೊಟ್ಟವರಾರೆಂಬುದನ್ನೂ ಪುಸ್ತಕದಲ್ಲಿ ಬರೆದಿಡಬೇಕು.